ನಂಗು ಮೀನು: ಪದೇ ಪದೇ ಕೇಳುವ ಪ್ರಶ್ನೆಗಳು

ದೋಣಿಗಳು ಮೀನು ಇಳಿಸುವ ದಕ್ಕೆಯಲ್ಲಿ ಬುಟ್ಟಿಯ ಮುಂದೆ ನಿಂತು ಕೇಳಿದವು, ವಿದ್ಯಾರ್ಥಿಗಳು ಪತ್ರದಲ್ಲಿ ಬರೆದವು, ಮೀನು ಕೊಳ್ಳುವವರು ಮತ್ತೆ ಮತ್ತೆ ಎತ್ತಿದವು: ಹೀಗೆ ಸೇರಿದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು. ಸುಲಭದವು ಮೊದಲು, ಕಠಿಣವಾದವು ಕೊನೆಗೆ.

## ಮೊದಲ ಪರಿಚಯ

ನಂಗು ಅಂದರೆ ಸರಿಯಾಗಿ ಯಾವ ಮೀನು? ಅಂಗಡಿಯವರು ‘ಸೋಲ್ ಫಿಶ್’ ಅಂತಾರಲ್ಲ, ಅದೇನಾ?

ಅದೇ. ಆದರೆ ‘ನಂಗು’ ಒಂದು ಮೀನಿನ ಹೆಸರಲ್ಲ, ಒಂದು ಬಳಗದ ಹೆಸರು. ನಾಲಿಗೆಯಂತೆ ಚಪ್ಪಟೆಯಾಗಿ, ಬಾಲದ ಕಡೆ ಮೊನಚಾಗುತ್ತ ಹೋಗುವ ಮೀನುಗಳನ್ನೆಲ್ಲ ಕರಾವಳಿಯಲ್ಲಿ ನಂಗು ಎನ್ನುತ್ತಾರೆ. ಕೊಂಕಣಿಯಲ್ಲಿ ಅದು ಲೆಪೊ, ಮಲಯಾಳದಲ್ಲಿ ಮಾಂತಳ್. ಮಂಗಳೂರು, ಮಲ್ಪೆ, ಗಂಗೊಳ್ಳಿಗಳಲ್ಲಿ ಮಳೆಗಾಲ ಕಳೆದ ಕೂಡಲೇ ಬುಟ್ಟಿಗಟ್ಟಲೆ ಬರುವ ಚಿಕ್ಕ ನಂಗು ಬಹುಪಾಲು ಒಂದೇ ಜಾತಿಯದು, ಮಲಬಾರ್ ನಂಗು. ಅದರ ವೈಜ್ಞಾನಿಕ ಹೆಸರು ಸೈನೋಗ್ಲಾಸಸ್ ಮ್ಯಾಕ್ರೋಸ್ಟೋಮಸ್. 1928ರಲ್ಲಿ ಈ ಹೆಸರಿಟ್ಟವರು ಬ್ರಿಟಿಷ್ ಮೀನುತಜ್ಞ ನಾರ್ಮನ್. ಸೈನೋಗ್ಲಾಸಸ್ ಎಂದರೆ ಗ್ರೀಕಿನಲ್ಲಿ ‘ನಾಯಿ ನಾಲಿಗೆ’, ಮ್ಯಾಕ್ರೋಸ್ಟೋಮಸ್ ಎಂದರೆ ‘ದೊಡ್ಡ ಬಾಯಿ’. ಸಾಮಾನ್ಯವಾಗಿ ಸಿಗುವುದು 10ರಿಂದ 14 ಸೆಂ.ಮೀ. ಉದ್ದದ್ದು. 17 ಸೆಂ.ಮೀ. ಮುಟ್ಟಿದರೆ ಅದು ಮುದಿ ಮೀನು. ಗೇಣುದ್ದ ಮೀರಿದ ನಂಗು ಸಿಕ್ಕರೆ ಅದು ಬೇರೆ ಜಾತಿ ಎಂದೇ ತಿಳಿಯಿರಿ. ಸೈನೋಗ್ಲಾಸಸ್ ಅರೆಲ್, ಸೈನೋಗ್ಲಾಸಸ್ ಬೈಲಿನಿಯೇಟಸ್ 40 ಸೆಂ.ಮೀ.ವರೆಗೂ ಬೆಳೆಯುತ್ತವೆ.

ಮುಂದಿನ ಉತ್ತರಗಳಲ್ಲಿ ‘ನಂಗು’ ಎಂದಲ್ಲೆಲ್ಲ, ಬೇರೆ ಹೇಳದಿದ್ದರೆ, ಮಲಬಾರ್ ನಂಗು ಎಂದೇ ಅರ್ಥ.

ಎರಡೂ ಕಣ್ಣು ಒಂದೇ ಕಡೆ ಇದೆಯಲ್ಲ, ಹುಟ್ಟುವಾಗಲೇ ಹಾಗಾ?

ಅಲ್ಲ. ಮೊಟ್ಟೆಯೊಡೆದು ಬಂದ ಮರಿ ಉಳಿದೆಲ್ಲ ಮೀನುಗಳ ಹಾಗೆ ನೆಟ್ಟಗೆ ಈಜುತ್ತದೆ, ಒಂದೊಂದು ಬದಿಗೆ ಒಂದೊಂದು ಕಣ್ಣು ಇರುತ್ತದೆ. ಕೆಲವು ವಾರಗಳಾದ ಮೇಲೆ ಬಲಗಣ್ಣು ತಲೆಯ ನೆತ್ತಿಯ ಕಡೆಯಿಂದ ಎಡಕ್ಕೆ ಸರಿಯತೊಡಗುತ್ತದೆ. ಕಣ್ಣು ಒಂದೇ ಸರಿಯುವುದಲ್ಲ, ತಲೆಬುರುಡೆಯೇ ತಿರುಚಿಕೊಳ್ಳುತ್ತದೆ, ಬಾಯಿ ಓರೆಯಾಗುತ್ತದೆ, ಬಲಮೈಯ ಬಣ್ಣ ಹೋಗಿ ಬಿಳಿಯಾಗುತ್ತದೆ. ಇದನ್ನೆಲ್ಲ ನಡೆಸುವುದು ಥೈರಾಯ್ಡ್ ಹಾರ್ಮೋನು, ಗೊದಮೊಟ್ಟೆ ಕಪ್ಪೆಯಾಗಲು ಬೇಕಾಗುವ ಅದೇ ಹಾರ್ಮೋನು. ಪ್ರಯೋಗಾಲಯದಲ್ಲಿ ಅದನ್ನು ತಡೆದರೆ ಚಪ್ಪಟೆ ಮೀನಿನ ಮರಿಯ ಕಣ್ಣು ಸರಿಯದೆ ಹಾಗೇ ಉಳಿಯುತ್ತದೆ.

ಮೇಲೆ ಕಾಣುವ ಕಂದು ಬಣ್ಣದ್ದು ಅದರ ಬೆನ್ನಾ?

ಬೆನ್ನಲ್ಲ, ಎಡಪಕ್ಕೆ. ಕೆಳಗಿನ ಬಿಳಿಯದು ಹೊಟ್ಟೆಯಲ್ಲ, ಬಲಪಕ್ಕೆ. ತೊರಕೆ (ಸ್ಟಿಂಗ್ ರೇ) ಬೆನ್ನು ಮೇಲೆ ಮಾಡಿ, ಹೊಟ್ಟೆ ತಳಕ್ಕೆ ಒತ್ತಿ ಚಪ್ಪಟೆಯಾದ ಮೀನು. ನಂಗು ಪಕ್ಕಕ್ಕೆ ಮಲಗಿ ಚಪ್ಪಟೆಯಾದದ್ದು. ಅದರ ನಿಜವಾದ ಬೆನ್ನು, ಹೊಟ್ಟೆ ಎರಡೂ ಅಂಚಿನಲ್ಲಿವೆ. ಬೆನ್ನಿನ ಈಜುರೆಕ್ಕೆ, ಬಾಲ, ಗುದದ ಈಜುರೆಕ್ಕೆ ಮೂರೂ ಕೂಡಿಕೊಂಡು ಮೈಸುತ್ತ ಒಂದೇ ಜಾಲರಿಯಾಗಿವೆ. ಎದೆಯ ಈಜುರೆಕ್ಕೆ ಬೆಳೆದ ಮೀನಿನಲ್ಲಿ ಇರುವುದೇ ಇಲ್ಲ.

ಎಡಗಣ್ಣಿನದು, ಬಲಗಣ್ಣಿನದು ಅಂತ ಎರಡು ಬಗೆ ಇದೆಯಂತೆ. ಹೇಗೆ ಗುರುತಿಸುವುದು?

ಕಣ್ಣಿರುವ ಮೈ ಮೇಲೆ ಬರುವಂತೆ ಮೀನನ್ನು ಹಲಗೆಯ ಮೇಲಿಡಿ. ಈಗ ಹೊಟ್ಟೆಯ ಅಂಚು ನಿಮ್ಮ ಕಡೆ ಬರುವಂತೆ ತಿರುಗಿಸಿ. ಕಿವಿರಿನ ಸೀಳು ಇರುವ ಅಂಚೇ ಹೊಟ್ಟೆಯ ಅಂಚು, ಕೊಕ್ಕೆಯಂತೆ ಬಾಗಿದ ಮೂತಿಯೂ ಅತ್ತ ಕಡೆಗೇ ಬಾಗಿರುತ್ತದೆ. ತಲೆ ನಿಮ್ಮ ಎಡಕ್ಕೆ ಬಂದರೆ ಅದು ಎಡಗಣ್ಣಿನ ಮೀನು, ಬಲಕ್ಕೆ ಬಂದರೆ ಬಲಗಣ್ಣಿನದು. ಹೊಟ್ಟೆ ಯಾವ ಕಡೆ ಎಂದು ನೋಡದೆ ತಲೆ ಮಾತ್ರ ನೋಡಿದರೆ ಉತ್ತರ ಉಲ್ಟಾ ಆಗುತ್ತದೆ. ಹೆಚ್ಚಿನವರು ತಪ್ಪುವುದು ಅಲ್ಲೇ.

ನಾಲಿಗೆ ನಂಗುಗಳೆಲ್ಲ ಎಡಗಣ್ಣಿನವು. ಮೈಮೇಲೆ ಪಟ್ಟೆಪಟ್ಟೆಯಿರುವ ಜೀಬ್ರಿಯಾಸ್ ಕುಲದ ಮೀನು ಮೊದಲಾದವು ಬಲಗಣ್ಣಿನವು, ಅವು ಬೇರೆಯೇ ಕುಟುಂಬ. ನಮ್ಮ ಕಡಲಲ್ಲೇ ಸಿಗುವ ದೊಡ್ಡ ಹಲ್ಲಿನ ಭಾರತೀಯ ಹ್ಯಾಲಿಬಟ್ಟಿಗೆ ಮಾತ್ರ ಈ ಕಟ್ಟುಪಾಡಿಲ್ಲ. ಅದರಲ್ಲಿ ಕೆಲವಕ್ಕೆ ಕಣ್ಣು ಎಡಕ್ಕೆ, ಕೆಲವಕ್ಕೆ ಬಲಕ್ಕೆ.

## ಮೈ ಮತ್ತು ಬದುಕು

ಕೆಸರಿನೊಳಗೆ ಹೂತುಕೊಂಡರೆ ಉಸಿರಾಡುವುದು ಹೇಗೆ?

ಹೂತುಕೊಳ್ಳುವುದು ಎಂದರೆ ಬಿಲ ತೋಡುವುದಲ್ಲ. ತಳಕ್ಕೆ ಇಳಿದ ಮೀನು ಮೈಸುತ್ತಲಿನ ಜಾಲರಿಯನ್ನು ಅಲೆಅಲೆಯಾಗಿ ಬಡಿಯುತ್ತದೆ. ಎದ್ದ ರಾಡಿ ಮೈಮೇಲೆಯೇ ಮೆಲ್ಲಗೆ ಕೂರುತ್ತದೆ. ಕೆಲವೇ ಕ್ಷಣದ ಕೆಲಸ. ಮೇಲೆ ಬೀಳುವುದು ತೆಳುವಾದ ಹೊದಿಕೆ ಅಷ್ಟೆ. ಎರಡು ಪುಟ್ಟ ಕಣ್ಣು, ಕೊಳವೆಯಂಥ ಒಂದು ಮೂಗಿನ ತುದಿ ಹೊರಗೆ ಉಳಿಯುತ್ತವೆ. ಬಾಯಿಯಿಂದ ಒಳಗೆಳೆದ ನೀರು ಕಿವಿರು ದಾಟಿ ಸೀಳಿನಿಂದ ಹೊರಗೆ ಹೋಗುತ್ತದೆ. ಮೈ ಅಲ್ಲಾಡದೆ ಇರುವಾಗ ಆಮ್ಲಜನಕದ ಖರ್ಚೂ ಕಡಿಮೆ.

ಇದಕ್ಕೆ ನೆರವಾಗುವ ಇನ್ನೊಂದು ಸಂಗತಿಯಿದೆ. ಮರಿಯಾಗಿದ್ದಾಗ ಇದ್ದ ಗಾಳಿಚೀಲ ಬೆಳೆದ ನಂಗಿನಲ್ಲಿ ಇರುವುದಿಲ್ಲ. ಈಜುವುದನ್ನು ನಿಲ್ಲಿಸಿದರೆ ಅದು ತಾನಾಗಿಯೇ ತಳಕ್ಕೆ ಇಳಿಯುತ್ತದೆ, ಅಲ್ಲೇ ನಿಲ್ಲಲು ಬೇರೆ ಶ್ರಮ ಬೇಡ.

ಊಸರವಳ್ಳಿ ಹಾಗೆ ಬಣ್ಣ ಬದಲಾಯಿಸುತ್ತದಾ?

ಚಪ್ಪಟೆ ಮೀನುಗಳಲ್ಲಿ ಆ ವಿದ್ಯೆ ಪಳಗಿಸಿಕೊಂಡವು ಬೇರೆ ಇವೆ. ಬೋಥಸ್ ಕುಲದ ಒಂದು ಮೀನು ತನ್ನ ಕೆಳಗಿನ ಹಾಸಿನ ಚಿತ್ತಾರಕ್ಕೆ 2ರಿಂದ 8 ಸೆಕೆಂಡಿನಲ್ಲಿ ಮೈಬಣ್ಣ ಹೊಂದಿಸಿಕೊಳ್ಳುತ್ತದೆ ಎಂದು ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿಕೊಟ್ಟರು. ನಂಗು ಅಷ್ಟು ಚುರುಕಲ್ಲ. ಕಂದು ಸ್ವಲ್ಪ ತಿಳಿಯಾಗಬಹುದು, ಸ್ವಲ್ಪ ಗಾಢವಾಗಬಹುದು. ಅದರ ನಿಜವಾದ ರಕ್ಷಣೆ ಕೆಸರೇ.

ಹೊಟ್ಟೆ ಕುಯ್ದರೆ ಬರೀ ಕೆಸರು. ಕೆಸರನ್ನೇ ತಿಂದು ಬದುಕುತ್ತದಾ?

ಕೆಸರು ಊಟವಲ್ಲ, ಊಟದ ಜೊತೆ ಒಳಗೆ ಹೋದದ್ದು. ನಂಗಿನ ಮುಖ್ಯ ಆಹಾರ ಕೆಸರಿನಲ್ಲಿ ಬದುಕುವ ಬಹುರೋಮಿ ಹುಳುಗಳು, ಅದರಲ್ಲೂ ಪ್ರಿಯೋನೋಸ್ಪಿಯೋ ಕುಲದ ದಾರದಂಥ ಸಣ್ಣ ಹುಳುಗಳು. ಜೊತೆಗೆ ಸಿಗಡಿಯ ದೂರದ ನೆಂಟರಾದ ಆಂಫಿಪಾಡುಗಳು, ಪುಟ್ಟ ಚಿಪ್ಪುಜೀವಿಗಳು. ಕರುಳಿನಲ್ಲಿ ಇರುವುದನ್ನು ಕಪ್ಪಗಿನ ತಟ್ಟೆಯಲ್ಲಿ ನೀರು ಹಾಕಿ ಬಿಡಿಸಿ, 10 ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡಿ. ಮಣ್ಣು ತಳಕ್ಕೆ ಕೂತ ಮೇಲೆ ಹುಳುವಿನ ಮುರಿದ ತುಂಡುಗಳು, ಹೊಳೆಯುವ ಬಿರುಗೂದಲುಗಳು ಕಾಣುತ್ತವೆ. ಮೀನು ಹಿಡಿದು ಹೊತ್ತು ಕಳೆದಿದ್ದರೆ ಮೆತ್ತನೆಯ ಹುಳು ಜೀರ್ಣವಾಗಿ ಬರೀ ಮಣ್ಣು ಉಳಿಯುತ್ತದೆ. ‘ಕೆಸರು ತಿನ್ನುವ ಮೀನು’ ಎಂಬ ಹೆಸರು ಅಂಟಿದ್ದು ಹಾಗೆ.

ಹಲ್ಲಿರುವುದು ಕುರುಡು ಬದಿಯ ದವಡೆಯಲ್ಲಿ, ಅಂದರೆ ತಳಕ್ಕೆ ತಾಗುವ ಬದಿಯಲ್ಲಿ ಮಾತ್ರ. ಬಾಯಿ ತೆರೆಯುವುದೂ ಆ ಕಡೆಗೇ. ಕಣ್ಣು ಮೇಲೆ ನೋಡುತ್ತಿರುವಾಗ ಬಾಯಿ ಕೆಳಗೆ ಹುಳು ಹೆಕ್ಕುತ್ತಿರುತ್ತದೆ, ಹಾಗಾಗಿ ಬೇಟೆಗೆ ಕಣ್ಣಿಗಿಂತ ವಾಸನೆ ಮತ್ತು ಸ್ಪರ್ಶವೇ ಆಧಾರ.

ಗಂಡು ಹೆಣ್ಣು ಹೊರಗಿನಿಂದ ಗೊತ್ತಾಗುತ್ತದಾ?

ಬಣ್ಣದಲ್ಲಿ, ಆಕಾರದಲ್ಲಿ ವ್ಯತ್ಯಾಸ ಇಲ್ಲ. ಮೊಟ್ಟೆ ಬಲಿತ ಹೆಣ್ಣನ್ನು ಮಾತ್ರ ಬೆಳಕಿಗೆ ಹಿಡಿದು ಗುರುತಿಸಬಹುದು. ಬಿಳಿ ಮೈ ನಿಮ್ಮ ಕಡೆ ಮಾಡಿ, ಹಿಂದಿನಿಂದ ಟಾರ್ಚ್ ಬೆಳಕು ಬರುವಂತೆ ಹಿಡಿಯಿರಿ. ಹೊಟ್ಟೆಯ ಗೂಡು ತಲೆಯ ಹಿಂದೆಯೇ ಮುಗಿಯುತ್ತದೆ, ಆದರೆ ಅಂಡಾಶಯ ಅಲ್ಲಿಗೆ ನಿಲ್ಲುವುದಿಲ್ಲ. ಹೊಟ್ಟೆಯಂಚಿನ ಗುಂಟ, ಮೂಳೆಗಳ ಎರಡೂ ಬದಿಗೆ, ಬಾಲದ ಕಡೆಗೆ ಸಪುರಾಗುತ್ತ ಚಾಚಿರುತ್ತದೆ. ಬೆಳಕಿನಲ್ಲಿ ಅದು ಉದ್ದನೆಯ ಮಬ್ಬು ಪಟ್ಟಿಯಾಗಿ ಕಾಣುತ್ತದೆ. ಗಂಡಿನ ವೃಷಣ ತೀರಾ ಚಿಕ್ಕದು, ನೆರಳೇ ಬೀಳುವುದಿಲ್ಲ. ಮೊಟ್ಟೆ ಇಟ್ಟು ಖಾಲಿಯಾದ ಹೆಣ್ಣೂ ಹಾಗೇ ಕಾಣುವುದರಿಂದ, ಪಟ್ಟಿ ಕಂಡರೆ ಹೆಣ್ಣು ಎನ್ನಬಹುದೇ ಹೊರತು ಕಾಣದಿದ್ದರೆ ಗಂಡು ಎನ್ನುವಂತಿಲ್ಲ.

## ನೆಲೆ ಮತ್ತು ಮಳೆಗಾಲ

ಎಂಥ ತಳದಲ್ಲಿ ಇರುತ್ತದೆ? ಬಂಡೆ ಇರುವಲ್ಲಿ ಯಾಕೆ ಸಿಗುವುದಿಲ್ಲ?

ಬೆರಳಲ್ಲಿ ಉಜ್ಜಿದರೆ ಬೆಣ್ಣೆಯಂತೆ ಜಾರುವ ಮೆತ್ತನೆಯ ಕೆಸರು, ಅಥವಾ ನುಣ್ಣನೆಯ ಹೊಯಿಗೆ (ಮರಳು) ಬೆರೆತ ಕೆಸರು ಅದಕ್ಕೆ ಬೇಕು. ಕರ್ನಾಟಕ, ಉತ್ತರ ಕೇರಳದ ದಡದ ಹತ್ತಿರ ಇಂಥ ತಳ ಅಗಲವಾಗಿ ಹಬ್ಬಿದೆ, ನದಿಗಳು ಮಳೆಗಾಲದಲ್ಲಿ ತಂದು ಹಾಕಿದ ಹೂಳಿನಿಂದ ಅದು ತುಂಬುತ್ತಿರುತ್ತದೆ. ನಂಗು ಹೆಚ್ಚಾಗಿ ಸಿಗುವುದು 30 ಮೀಟರ್‌ಗಿಂತ ಕಡಿಮೆ ಆಳದಲ್ಲಿ. ಬಂಡೆಯಲ್ಲಿ ಹೂತುಕೊಳ್ಳಲು ಆಗುವುದಿಲ್ಲ, ಹುಳುವೂ ಇಲ್ಲ. ದಪ್ಪ ಹೊಯಿಗೆಯಲ್ಲಿ ಮೈಯುಜ್ಜಿ ಗಾಯವಾಗುತ್ತದೆ. ಸಿಗಡಿಗೂ ಇದೇ ತಳ ಇಷ್ಟ, ಅದಕ್ಕೇ ಸಿಗಡಿ ಬಲೆಗೆ ನಂಗು ಬೀಳುವುದು.

ಮಳೆಗಾಲದಲ್ಲಿ ನಂಗು ಎಲ್ಲಿಗೆ ಹೋಗುತ್ತದೆ? ಸೆಪ್ಟೆಂಬರ್ ಬಂದ ಕೂಡಲೇ ಎಲ್ಲಿಂದ ಬರುತ್ತದೆ?

ನಂಗಿನ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇಲ್ಲ. ಉಳಿದದ್ದೆಲ್ಲ, ಅದರ ಬೆಳವಣಿಗೆ, ಮೊಟ್ಟೆಯ ಕಾಲ, ಬಲೆಗೆ ಬೀಳುವ ಕಾಲ, ಇದರ ಸುತ್ತಲೇ ಕಟ್ಟಿಕೊಂಡಿದೆ.

ಜೂನಿನಲ್ಲಿ ದಡದ ಬಳಿಯ ತಳಕ್ಕೆ ಒಟ್ಟಿಗೇ ಹಲವು ಏಟು ಬೀಳುತ್ತದೆ. ತೂಫಾನಿನ ಅಲೆ ಕೆಸರನ್ನು ಬುಡದಿಂದ ಕಲಕುತ್ತದೆ. ಅಳಿವೆಗಳಿಂದ ನುಗ್ಗುವ ಸಿಹಿನೀರು ಉಪ್ಪಿನಂಶ ಇಳಿಸುತ್ತದೆ. ಈ ಎರಡರಿಂದ ತಳದ ಹುಳುಗಳು ಬಹುಪಾಲು ನಾಶವಾಗುತ್ತವೆ. 1950ರ ದಶಕದಲ್ಲಿ ಕಲ್ಲಿಕೋಟೆಯ ಕಡಲತಳವನ್ನು ವರ್ಷವಿಡೀ ಪರೀಕ್ಷಿಸಿದ ಮೀನು ವಿಜ್ಞಾನಿ ಜಿ. ಶೇಷಪ್ಪ ಕಂಡದ್ದು ಇದನ್ನೇ: ಮಳೆಗಾಲದಲ್ಲಿ ತಳದ ಜೀವಿಗಳ ಸಂಖ್ಯೆ ಕುಸಿಯುತ್ತದೆ, ಮಳೆ ನಿಂತ ಮೇಲೆ ಮತ್ತೆ ತುಂಬುತ್ತದೆ. ತಟ್ಟೆ ಖಾಲಿಯಾದಾಗ ನಂಗು ದಡ ಬಿಟ್ಟು ಆಳದ ಕಡೆ ಸರಿಯುತ್ತದೆ.

ಇದರ ಜೊತೆ ಇನ್ನೊಂದು ಕಾರಣ ಸೇರುತ್ತದೆ. ಮುಂಗಾರಿನ ಗಾಳಿಯಿಂದ ದಡದ ಮೇಲ್ನೀರು ಹೊರಕ್ಕೆ ಸರಿದು, ಆಳದ ತಣ್ಣನೆಯ ನೀರು ಮೇಲೆ ಉಕ್ಕುತ್ತದೆ. ಆ ನೀರಲ್ಲಿ ಪೋಷಕಾಂಶ ಬಹಳ, ಆಮ್ಲಜನಕ ಬಹಳ ಕಡಿಮೆ. ಪೋಷಕಾಂಶದಿಂದ ಪಾಚಿ ಹುಲುಸಾಗಿ ಬೆಳೆದು, ಸತ್ತು, ತಳದಲ್ಲಿ ಕೊಳೆಯುವಾಗ ಉಳಿದ ಆಮ್ಲಜನಕವೂ ಖರ್ಚಾಗುತ್ತದೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು 2000ದಲ್ಲಿ ಪ್ರಕಟಿಸಿದ ಅಧ್ಯಯನ, ಪಶ್ಚಿಮ ಕರಾವಳಿಯ ಈ ಆಮ್ಲಜನಕದ ಬರ ತೀವ್ರವಾಗುತ್ತಿರುವುದನ್ನು ತೋರಿಸಿತು. ಇಂಥ ನೀರು ತಳದ ಮೇಲೆ ಹರಡಿದಾಗ ತಳದ ಮೀನುಗಳು ಅಲ್ಲಿ ನಿಲ್ಲುವುದಿಲ್ಲ, ಉಸಿರು ಸಿಗುವ ಜಾಗಕ್ಕೆ ಒತ್ತಿಕೊಂಡು ಹೋಗುತ್ತವೆ.

ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಅಲೆ ತಣಿಯುತ್ತದೆ, ಉಪ್ಪು ಮರಳುತ್ತದೆ, ಹೊಸ ಹೂಳಿನಲ್ಲಿ ಹೊಸ ಹುಳುಗಳು ಹುಟ್ಟುತ್ತವೆ. ಹಸಿದ ನಂಗು ಗುಂಪುಗುಂಪಾಗಿ ದಡದತ್ತ ಬರುತ್ತದೆ. ಒಂದೇ ಬೀಸಿಗೆ ಬಲೆ ತುಂಬುವ ದಿನಗಳು ಅವೇ. ಕೆಲವು ವಾರಗಳಲ್ಲಿ ಗುಂಪು ಚದುರಿ, ಬೇಸಿಗೆಯುದ್ದಕ್ಕೂ ಸ್ವಲ್ಪಸ್ವಲ್ಪ ಸಿಗುತ್ತದೆ.

ಮೊಟ್ಟೆ ಎಲ್ಲಿಡುತ್ತದೆ? ಕೆಸರಿನಲ್ಲಾ?

ಕೆಸರಿನಲ್ಲಿ ಅಲ್ಲ, ನೀರಿನಲ್ಲಿ. ಒಂದು ಮಿಲಿಮೀಟರ್‌ಗಿಂತ ಚಿಕ್ಕದಾದ, ಗಾಜಿನಂಥ ಮೊಟ್ಟೆಗಳು. ಒಳಗಿನ ಎಣ್ಣೆಹನಿಗಳು ತೇಲಲು ನೆರವಾಗುತ್ತವೆ. ಮಳೆಗಾಲದ ನಂತರ ಮೈ ತುಂಬಿಕೊಂಡ ಹೆಣ್ಣುಗಳು ಅಕ್ಟೋಬರ್‌ನಿಂದ ಮುಂದೆ ಬೇಸಿಗೆಯವರೆಗೆ ಕಂತುಕಂತಾಗಿ ಮೊಟ್ಟೆ ಬಿಡುತ್ತವೆ. ನಮ್ಮ ಕಡಲಿನ ಬೆಚ್ಚನೆಯ ನೀರಲ್ಲಿ ಮರಿ ಹೊರಬರಲು ಒಂದು ದಿನದ ಆಸುಪಾಸು ಸಾಕು. ಪೋಷಣೆ, ಕಾವಲು ಏನೂ ಇಲ್ಲ. ಕಣ್ಣು ಸರಿಯುವವರೆಗೆ ಮರಿ ನೀರಿನ ಸೆಳೆತ ಕೊಂಡೊಯ್ದ ಕಡೆ ಹೋಗುತ್ತದೆ.

ಒಂದು ವರ್ಷ ರಾಶಿರಾಶಿ, ಮರುವರ್ಷ ಕಣ್ಣಿಗೇ ಬೀಳುವುದಿಲ್ಲ. ಮುಗಿದೇ ಹೋಯಿತಾ?

ಒಂದು ವರ್ಷ ಕಡಿಮೆಯಾದರೆ ಹಾಗೆಂದು ತೀರ್ಮಾನಿಸಬೇಡಿ. ನಂಗಿನ ಆಯುಷ್ಯ ಸುಮಾರು 3 ವರ್ಷ. ಬಲೆಗೆ ಬೀಳುವುದರಲ್ಲಿ ಹೆಚ್ಚಿನವು ಹಿಂದಿನ ಒಂದೆರಡು ವರ್ಷ ಹುಟ್ಟಿದವು. ಹತ್ತಾರು ವರ್ಷ ಬದುಕುವ ಮೀನಿನಲ್ಲಿ ಒಂದು ಕೆಟ್ಟ ವರ್ಷ ಹಳೆಯ ಮೀನುಗಳ ನಡುವೆ ಮುಚ್ಚಿಹೋಗುತ್ತದೆ, ನಂಗಿನಲ್ಲಿ ಅದು ಮರುವರ್ಷವೇ ಬುಟ್ಟಿಯಲ್ಲಿ ಕಾಣುತ್ತದೆ. ಸತತ ಮೂರ್ನಾಲ್ಕು ವರ್ಷ ಕಡಿಮೆಯಾದರೆ, ಜೊತೆಗೆ ಸಿಕ್ಕಿದ ಮೀನೂ ಚಿಕ್ಕದಾಗುತ್ತ ಬಂದರೆ, ಆಗ ಚಿಂತಿಸಬೇಕು.

## ಇನ್ನೂ ಆಳಕ್ಕೆ

ಹುರುಪೆ ನೋಡಿ ವಯಸ್ಸು ಹೇಳುತ್ತಾರಂತೆ. ನಾವೂ ಮಾಡಬಹುದಾ?

ಮಾಡಬಹುದು, ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕ ಸಾಕು. ಚಳಿಗಾಲ ಇಲ್ಲದ ಉಷ್ಣವಲಯದ ಮೀನಿನ ಹುರುಪೆಯಲ್ಲಿ ವರ್ಷದ ಗೆರೆ ಮೂಡುವುದಿಲ್ಲ ಎಂಬ ನಂಬಿಕೆ ಒಂದು ಕಾಲಕ್ಕೆ ಗಟ್ಟಿಯಾಗಿತ್ತು. ಶೇಷಪ್ಪ ಮತ್ತು ಬಿ. ಎಸ್. ಭೀಮಾಚಾರ್ 1950ರ ದಶಕದ ಆರಂಭದಲ್ಲಿ ಈ ನಂಗನ್ನೇ ಇಟ್ಟುಕೊಂಡು ಬೇರೆಯೇ ತೋರಿಸಿದರು: ತಣ್ಣನೆಯ ದೇಶದ ಮೀನಿಗೆ ಚಳಿಗಾಲ ಮಾಡುವುದನ್ನು ನಮ್ಮ ನಂಗಿಗೆ ಮಳೆಗಾಲದ ಹಸಿವು ಮಾಡುತ್ತದೆ. ಬೆಳವಣಿಗೆ ನಿಂತ ಆ ತಿಂಗಳುಗಳು ಹುರುಪೆಯ ಮೇಲೆ ಗೆರೆಯಾಗಿ ಉಳಿಯುತ್ತವೆ.

ಕಣ್ಣಿರುವ ಮೈಯ ನಡುಭಾಗದಿಂದ ಚಿಮ್ಮಟದಲ್ಲಿ 8ರಿಂದ 10 ಹುರುಪೆ ಕೀಳಿ. ಉಗುರಲ್ಲಿ ಕೆರೆಯಬೇಡಿ, ಅಂಚು ಮುರಿಯುತ್ತದೆ. ಸಾಬೂನು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಎರಡು ಬೆರಳ ನಡುವೆ ಮೆಲ್ಲಗೆ ಉಜ್ಜಿ ಲೋಳೆ ಮತ್ತು ಬಣ್ಣದ ತೊಗಲು ತೆಗೆಯಿರಿ. ಎರಡು ಗಾಜಿನ ಪಟ್ಟಿಗಳ ನಡುವೆ ಚಪ್ಪಟೆಯಾಗಿಟ್ಟು ಒಣಗಲು ಬಿಡಿ. ಒಣಗುವಾಗ ಒತ್ತಡ ಇಲ್ಲದಿದ್ದರೆ ಸುರುಳಿ ಸುತ್ತುತ್ತದೆ. 40 ಪಟ್ಟು ವರ್ಧನೆಯಲ್ಲಿ, ಬೆಳಕನ್ನು ಸ್ವಲ್ಪ ತಗ್ಗಿಸಿ ನೋಡಿ. ನಡುವಿನಿಂದ ಹೊರಕ್ಕೆ ಒತ್ತೊತ್ತಾಗಿ ಸಾಲುಗೆರೆಗಳಿರುತ್ತವೆ. ಎಲ್ಲಿ ಆ ಸಾಲು ಇಕ್ಕಟ್ಟಾಗಿ, ತುಂಡಾಗಿ, ಮತ್ತೆ ವಿರಳವಾಗಿ ಮುಂದುವರಿಯುತ್ತದೆಯೋ ಅದು ಒಂದು ಮಳೆಗಾಲ.

ತಪ್ಪಾಗುವುದು ಸಾಮಾನ್ಯವಾಗಿ ಎರಡು ಕಡೆ. ಹುರುಪೆಯ ನಡುಭಾಗ ಗೆರೆಯಿಲ್ಲದೆ ಬೋಳಾಗಿದ್ದರೆ, ಮೊದಲಿನದು ಉದುರಿ ಹೊಸದಾಗಿ ಬಂದ ಹುರುಪೆ ಅದು. ಹಳೆಯ ಲೆಕ್ಕ ಅದರಲ್ಲಿಲ್ಲ, ಪಕ್ಕಕ್ಕಿಡಿ. ಇನ್ನೊಂದು, ಒಂದೇ ಹುರುಪೆಯಲ್ಲಿ ಕಂಡು ಉಳಿದವುಗಳಲ್ಲಿ ಕಾಣದ ಗೆರೆ. ಅದು ಗಾಯದ ಗುರುತಿರಬಹುದು. ಕನಿಷ್ಠ ಐದು ಹುರುಪೆಯಲ್ಲಿ ಅದೇ ಜಾಗದಲ್ಲಿ ಕಂಡರೆ ಮಾತ್ರ ಎಣಿಸಿ. ಮೊದಲ ವರ್ಷದ ಕೊನೆಗೆ ನಂಗು ಸುಮಾರು 10 ಸೆಂ.ಮೀ. ಆಗಿರುತ್ತದೆ. ನಿಮ್ಮ ಎಣಿಕೆ 9 ಸೆಂ.ಮೀ. ಮೀನಿಗೆ 3 ವರ್ಷ ಎಂದರೆ ಎಲ್ಲೋ ಸುಳ್ಳು ಗೆರೆ ಸೇರಿದೆ.

ಹಳೆಯ ಪ್ರಬಂಧಗಳಲ್ಲಿ ಮಲಬಾರ್ ನಂಗಿಗೆ ‘ಸೆಮಿಫ್ಯಾಸಿಯೇಟಸ್’ ಅಂತಿದೆ. ಎರಡು ಮೀನಾ?

ಸೈನೋಗ್ಲಾಸಸ್ ಸೆಮಿಫ್ಯಾಸಿಯೇಟಸ್ ಎಂಬ ಜಾತಿ ಬೇರೆ ಇದೆ. ಆದರೆ 1950ರ ದಶಕದ ಪ್ರಬಂಧಗಳಲ್ಲಿ ಆ ಹೆಸರಿನಡಿ ಬರೆದದ್ದು ಮಲಬಾರ್ ನಂಗಿನ ಬಗ್ಗೆಯೇ. ಗುರುತು ಆಮೇಲೆ ತಿದ್ದಿದ್ದು. ಹಾಗಾಗಿ ಹಳೆಯ ಅಂಕಿಅಂಶಗಳನ್ನು ಬಳಸುವಾಗ ಹೆಸರಿಗಿಂತ ಊರು ನೋಡಿ. ಜಾತಿ ಬೇರ್ಪಡಿಸಲು ತಜ್ಞರು ನೋಡುವುದು ಮೈಬಣ್ಣವನ್ನಲ್ಲ, ಪಾರ್ಶ್ವರೇಖೆಗಳ (ನೀರಿನ ಅಲುಗಾಟ ಗ್ರಹಿಸುವ, ಮೈಗುಂಟ ಸಾಗುವ ಗೆರೆಗಳ) ಸಂಖ್ಯೆ ಮತ್ತು ಅವುಗಳ ನಡುವಿನ ಹುರುಪೆಯ ಸಾಲುಗಳನ್ನು. ಉದಾಹರಣೆಗೆ ಬೈಲಿನಿಯೇಟಸ್‌ಗೆ ಎರಡೂ ಮೈಯಲ್ಲಿ ಎರಡೆರಡು ಪಾರ್ಶ್ವರೇಖೆ.

ಎಷ್ಟು ಉದ್ದದ ನಂಗು ಹಿಡಿಯಬಾರದು? ಬಲೆಯ ಕಣ್ಣು ದೊಡ್ಡದು ಮಾಡಿದರೆ ಸಾಲದಾ?

ಕೇರಳ ಸರ್ಕಾರ ಮಲಬಾರ್ ನಂಗಿಗೆ ಕನಿಷ್ಠ ಉದ್ದ 9 ಸೆಂ.ಮೀ. ಎಂದು ನಿಗದಿ ಮಾಡಿದೆ. ಅಳೆಯುವಾಗ ಮೀನನ್ನು ಅಳತೆಪಟ್ಟಿಯ ಮೇಲೆ ಮಲಗಿಸಿ, ಬಾಯಿ ಮುಚ್ಚಿ, ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ನೇರವಾಗಿ ಓದಿ. ಮೈಗುಂಟ ಟೇಪು ಹಿಡಿದರೆ ಉದ್ದ ಹೆಚ್ಚು ಬರುತ್ತದೆ. ಬಾಲಕ್ಕೆ ಕವಲಿಲ್ಲದ ಕಾರಣ ಬಂಗುಡೆಗೆ ಮಾಡುವಂತೆ ಕವಲಿನವರೆಗೆ ಅಳೆಯುವ ಪ್ರಶ್ನೆಯೇ ಬರುವುದಿಲ್ಲ.

ಬಲೆಯ ಚೀಲಕ್ಕೆ ಚೌಕ ಕಣ್ಣು ಹಾಕಬೇಕೆಂಬ ಸಲಹೆ ಒಳ್ಳೆಯದೇ. ಎಳೆತಕ್ಕೆ ವಜ್ರಾಕಾರದ ಕಣ್ಣು ಮುಚ್ಚಿಕೊಳ್ಳುತ್ತದೆ, ಚೌಕ ತೆರೆದೇ ಇರುತ್ತದೆ, ದುಂಡು ಮೈಯ ಮರಿಗಳು ಪಾರಾಗುತ್ತವೆ. ಚಪ್ಪಟೆ ಮೀನಿಗೆ ಮಾತ್ರ ಇದರ ಲಾಭ ಅಷ್ಟಿಲ್ಲ. ಅದಕ್ಕೆ ಬೇಕಾದದ್ದು ದುಂಡು ಕಿಂಡಿಯಲ್ಲ, ಸೀಳು. ಆದ್ದರಿಂದ ನಂಗಿನ ಮಟ್ಟಿಗೆ ಹೆಚ್ಚು ಫಲ ಕೊಡುವುದು ಮರಿಗಳು ಸೇರಿದ ದಡದ ಬಳಿ ತಳಬಲೆ ಎಳೆಯದಿರುವುದು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿದೆ. ನಂಗು ಮೊಟ್ಟೆಯಿಡುವ ಕಾಲ ಶುರುವಾಗುವುದು ಅದಾದ ಮೇಲೆ ಎಂಬುದನ್ನು ಮರೆಯಬಾರದು. ಆ ರಜೆ ನಂಗಿಗೆ ಕೊಡುವುದು ಬಲೆಯಿಂದ ಬಿಡುವು, ಮೊಟ್ಟೆಗೆ ಕಾವಲು ಅಲ್ಲ.

ತೊಟ್ಟಿಯಲ್ಲಿ ಸಾಕಿ ನೋಡಬಹುದಾ?

ಅಧ್ಯಯನಕ್ಕೆ ಕೆಲವು ದಿನ ಇಡಬಹುದು. ತಳಬಲೆಯಲ್ಲಿ ಉಜ್ಜಿ ಬಂದದ್ದು ಬದುಕುವುದಿಲ್ಲ, ದಡದಿಂದ ಕೈಯಲ್ಲೇ ಎಳೆಯುವ ಕೈರಂಪಣಿ ಬಲೆಯಲ್ಲಿ ಸಿಕ್ಕಿದ್ದನ್ನು ನೀರಿನ ಸಮೇತ ತನ್ನಿ. ತಳಕ್ಕೆ 4ರಿಂದ 5 ಸೆಂ.ಮೀ. ನುಣ್ಣನೆಯ ಹೊಯಿಗೆ ಹಾಕಿ. ಜಲ್ಲಿ ಹಾಕಿದರೆ ಬಿಳಿಮೈಯಲ್ಲಿ ಹುಣ್ಣಾಗಿ, ಅಂಚಿನ ಜಾಲರಿ ಕೊಳೆತು ಸಾಯುತ್ತದೆ. ಬರಿಗಾಜಿನ ಮೇಲೆ ಬಿಟ್ಟರೆ ಹೂತುಕೊಳ್ಳಲಾಗದೆ ಬಡಿಯುತ್ತಲೇ ಇರುತ್ತದೆ. ಗುಳಿಗೆ ಆಹಾರ ಅದಕ್ಕೆ ಆಹಾರ ಎಂದೇ ಅನಿಸುವುದಿಲ್ಲ, ಜೀವಂತ ಹುಳುವನ್ನು ಸಂಜೆ ಕತ್ತಲಾಗುವಾಗ ತಳಕ್ಕೇ ಬಿಡಿ. ಕೃಷಿಗೆ ಇದು ತೀರಾ ಚಿಕ್ಕ ಮೀನು. ಚೀನಾದಲ್ಲಿ ಸಾಕುವುದು ಇದರ ದೊಡ್ಡ ನೆಂಟ ಸೈನೋಗ್ಲಾಸಸ್ ಸೆಮಿಲೇವಿಸ್. ಅದರಲ್ಲಿ ಹೆಣ್ಣು ಗಂಡಿಗಿಂತ ಎಷ್ಟೋ ಪಟ್ಟು ದೊಡ್ಡದು, ನೀರು ಬಿಸಿಯಾದರೆ ಹುಟ್ಟಿನಿಂದ ಹೆಣ್ಣಾಗಬೇಕಾದ ಮರಿಗಳು ಗಂಡಾಗಿಬಿಡುತ್ತವೆ. 2014ರಲ್ಲಿ ಅದರ ಜೀನೋಮ್ ಓದಿದ ಮೇಲೆ ಇದರ ಒಳಗುಟ್ಟು ಬಹಳಷ್ಟು ಬಿಡಿಸಿಕೊಂಡಿತು.

ಅರ್ಧ ಸರಿದ ಕಣ್ಣಿನಿಂದ ಏನು ಪ್ರಯೋಜನ? ವಿಕಾಸದಲ್ಲಿ ಇದು ಮೆಲ್ಲಮೆಲ್ಲಗೆ ಆಗಲು ಹೇಗೆ ಸಾಧ್ಯ?

ಡಾರ್ವಿನ್‌ನ ಕಾಲದಲ್ಲೇ ಅವನ ವಿರೋಧಿಗಳು ಎತ್ತಿದ ಪ್ರಶ್ನೆ ಇದು. ತಳಕ್ಕೇ ನೋಡುತ್ತಿರುವ ಅರ್ಧ ಸರಿದ ಕಣ್ಣು ಕೆಲಸಕ್ಕೆ ಬಾರದು, ಆದ್ದರಿಂದ ಅಂಥ ಮೀನು ಇದ್ದಿರಲಾರದು ಎಂಬುದು ಅವರ ವಾದ. 2008ರಲ್ಲಿ ಪಳೆಯುಳಿಕೆ ತಜ್ಞ ಮ್ಯಾಟ್ ಫ್ರೀಡ್‌ಮನ್ ಇಟಲಿಯ ಮಾಂಟೆ ಬೋಲ್ಕಾದಲ್ಲಿ ಸಿಕ್ಕ ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳನ್ನು ಮತ್ತೆ ಪರಿಶೀಲಿಸಿ, ಅಂಥ ಮೀನು ಇತ್ತು ಎಂದು ತೋರಿಸಿದರು. ಆಂಫಿಸ್ಟಿಯಮ್ ಮತ್ತು ಹೆಟೆರೋನೆಕ್ಟೀಸ್ ಎಂಬ ಆ ಮೀನುಗಳು ಪೂರ್ತಿ ಬೆಳೆದವು, ಮರಿಗಳಲ್ಲ. ಒಂದು ಕಣ್ಣು ನೆತ್ತಿಯ ಕಡೆ ಸರಿದಿದೆ, ಆದರೆ ನಡುಗೆರೆ ದಾಟಿಲ್ಲ. ಇಂದಿನ ಭಾರತೀಯ ಹ್ಯಾಲಿಬಟ್ಟಿನ ಸರಿದ ಕಣ್ಣೂ ನೆತ್ತಿಯ ಅಂಚಿನಲ್ಲೇ ನಿಂತಿದೆ. ಅಂಥ ಕಣ್ಣಿಟ್ಟುಕೊಂಡು ಹೊಟ್ಟೆ ಹೊರೆಯಲು ಆಗುತ್ತಿತ್ತೇ ಎಂಬುದಕ್ಕೆ ಉತ್ತರವೂ ಆ ಕಲ್ಲಿನಲ್ಲೇ ಇದೆ. ಒಂದು ಆಂಫಿಸ್ಟಿಯಮ್‌ನ ಹೊಟ್ಟೆಯೊಳಗೆ, ತನ್ನ ಉದ್ದದ ಹೆಚ್ಚುಕಡಿಮೆ ಅರ್ಧದಷ್ಟಿರುವ ಇನ್ನೊಂದು ಮೀನು ಹಾಗೇ ಉಳಿದಿದೆ.